ತೂಕ

ಪೆಟ್ಟಿಗೆಯೂ ಸೇರಿ ನೂರ ಮೂವತ್ತೊಂದು ಕೆಜಿ,
ಇಲ್ಲಿ ಸೈನ್ ಮಾಡಿ ಮೇಡಂ, ಎಂದ
ಕಾರ್ಗೋ ಕೌಂಟರಿನ ಹುಡುಗ.
ಹತ್ತು ವರ್ಷ ಡಾಕ್ಟರು ಗೋಗರೆದರೂ
ತೂಕದ ಯಂತ್ರ ಹತ್ತದವನು ನೀನು.
ಕೊನೆಗೂ ಸಿಕ್ಕಿಬಿದ್ದೆ.

ಮರಣಪತ್ರದಲ್ಲಿ ನಿನ್ನ ಹೆಸರು ಬದ್ಮಾಕರ.
ಅರಬಿಗೆ ಪಕಾರವಿಲ್ಲವಂತೆ.
ಒಂದು ಗಳಿಗೆ, ಒಂದೇ ಗಳಿಗೆ, ಅಂದುಕೊಂಡೆ:
ಸತ್ತವನು ಬದ್ಮಾಕರನೆಂಬ ಯಾರೋ;
ನನ್ನ ಪದ್ಮಾಕರ ಕೆಳಗೆ ರೋಲಾದ ಬೀದಿಗಳಲ್ಲಿ
ಪಾರ್ಕಿಂಗ್ ಹುಡುಕುತ್ತ ಸುತ್ತುತ್ತಿದ್ದಾನೆ,
ಎಂದಿನಂತೆ ಯಾರನ್ನೋ ಬೈಯುತ್ತ.

ಊರಲ್ಲಿ ಹದಿಮೂರು ಮುಗಿಸಿ ಹೊರಟಾಗ
ಇನ್ನು ಅಲ್ಲೇನಿದೆ ನಿನಗೆ, ಎಂದರು ಎಲ್ಲರೂ.
ಇತ್ತು: ಶಾಲೆಯ ಆಫೀಸಿನಲ್ಲೊಂದು ಕುರ್ಚಿ,
ಬಾಡಿಗೆಗೆ ಮುಂಗಡ ಬರೆದುಕೊಟ್ಟ ಚೆಕ್ಕುಗಳು,
ನೀನು ಹದಿನೆಂಟಕ್ಕಿಟ್ಟು ಹೋದ ಎಸಿ.
ಇಪ್ಪತ್ತು ವರ್ಷ ಅದಕ್ಕಾಗಿ ಕಿತ್ತಾಡಿದ್ದೆವು.
ಈಗ ರಿಮೋಟ್ ನನ್ನ ಕೈಯಲ್ಲೇ ಇತ್ತು.
ಹೊರಗೆ ಜುಲೈ, ಒಳಗೆ ಸ್ವೆಟರ್ ತೊಟ್ಟು ನಡುಗಿದೆ.
ಎದುರಾಳಿಯೇ ಇಲ್ಲದ ಮೇಲೆ
ಗೆದ್ದು ಏನು ಮಾಡಲಿ?

ಒಂದು ರಾತ್ರಿ ಗುರುತಿಲ್ಲದ ನಂಬರು.
"ಅಕ್ಕಾ, ನಿಮಗ ಈ ಕಾಗದಪತ್ರ ಗೊತ್ತೈತಂತ.
ನಮ್ಮ ರೂಮಿನ ಹನುಮೇಶಿ ಮುಂಜಾನೆ ಏಳಲೇ ಇಲ್ರಿ."

ಗೊತ್ತಿತ್ತು.
ನಿನ್ನಿಂದ ಕಲಿತ ಕೊನೆಯ ವಿದ್ಯೆ ಅದು:
ಯಾವ ಕಿಟಕಿಯಲ್ಲಿ ಯಾವ ಮುದ್ರೆ, ಎಷ್ಟು ಜೆರಾಕ್ಸು,
ಪಾಸ್‌ಪೋರ್ಟಿನ ಮೂಲೆ ಕತ್ತರಿಸುವಾಗ
ಕಣ್ಣು ಎಲ್ಲಿಡಬೇಕು.

ಸೋನಾಪುರಕ್ಕೆ ಹೋದೆ. ಹೆಸರು ನೋಡು, ಹೊನ್ನಿನ ಊರು.
ಪೆಟ್ಟಿಗೆ ಮುಚ್ಚಿದ ಮೇಲೆ
ಸಿಂಧನೂರಿನ ಕಡೆಯ ಹಳ್ಳಿಯಿಂದ ಅವನ ಹೆಂಡತಿ
ಫೋನಿನಲ್ಲಿ ಕೇಳಿದ್ದು ಒಂದೇ:
"ಮೀಸಿ ತಿದ್ದಿತ್ತೇನ್ರಿ ಅವರ್ದು?"
ತಿದ್ದಿತ್ತು. ಅದೊಂದನ್ನು ಸರಿಯಾಗಿ ನೋಡಿದ್ದೆ.
ಹೇಳಿದೆ.
ಅತ್ತಣಿಂದ ಬಹಳ ಹೊತ್ತು ಬರೀ ಉಸಿರು,
ಆಮೇಲೆ ಒಂದು ಮೇಕೆಯ ಕೂಗು.

ಅಲ್ಲಿಂದೀಚೆಗೆ ಹನ್ನೊಂದು ಮಂದಿ.
ನೀನು ಪೆಟ್ರೋಲಿನ ಲೆಕ್ಕ ಬರೆಯುತ್ತಿದ್ದ ಡೈರಿಯಲ್ಲಿ
ಉಳಿದ ಹಾಳೆಗಳಿಗೆ ಅವರ ಹೆಸರು, ಊರು, ವಿಮಾನ.
ತೂಕ ಬರೆಯುವುದಿಲ್ಲ.
ಕನ್ನಡದಲ್ಲೇ ಬರೆಯುತ್ತೇನೆ,
ಪಕಾರವಿದ್ದವರಿಗೆ ಪಕಾರ ಸಮೇತ.

ಬದುಕಿನ ಅರ್ಥ ಎನ್ನುವುದು ಇದನ್ನೇಯೋ, ತಿಳಿಯದು.
ಬೆಳಿಗ್ಗೆ ಏಳುವುದಕ್ಕೆ ಸಾಕಾಗುತ್ತದೆ,
ಹೆಚ್ಚಿನ ದಿನ.

ನಿನ್ನೆ ದಣಿದು ಬಂದವಳು
ಎಸಿಯನ್ನು ಇಪ್ಪತ್ನಾಲ್ಕಕ್ಕೆ ಏರಿಸಿದೆ.
ಬೈಯುವುದಿದ್ದರೆ ಬೈ,
ನಾನಂತೂ ಇಳಿಸುವವಳಲ್ಲ.