ಕಾರ್ಡಿನ ಬೆನ್ನು

ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ.
ಇಷ್ಟು ಜಾಗದಲ್ಲಿ ಹನ್ನೊಂದು ವರ್ಷದಿಂದ
ಊರವರ ಹೆಸರು ಕೂರಿಸುತ್ತಿದ್ದೇನೆ,
ದಾವಣಗೆರೆ ಮಂಡಿಪೇಟೆಯ
ದಸ್ತಗೀರ್ ಪ್ರಿಂಟರ್ಸಿನ ಮೂಲೆ ಕಂಪ್ಯೂಟರಿನಲ್ಲಿ.

ಮುಂದೆ ಹೆಸರು, ಮೊಬೈಲು, ಒಂದು ಸಣ್ಣ ಗಣಪತಿ.
ಹಿಂದೆ ಬಿಳಿ.
ಬಿಳಿಗೆ ಮಸಿಯಿಲ್ಲ, ದುಡ್ಡಿಲ್ಲ;
ಜನ ಅಲ್ಲಿ ಹಾಲಿನ ಲೆಕ್ಕ ಗೀಚುತ್ತಾರೆ,
ಮಿರ್ಚಿ ತಿಂದು ಅದರ ಮೂಲೆಯಿಂದ
ಹಲ್ಲಿನ ಸಂದಿಯ ಬೀಜ ತೆಗೆಯುತ್ತಾರೆ.

ಒಂದು ಮಧ್ಯಾಹ್ನ, ಕರೆಂಟು ಹೋಗಿ ಬಂದ ಹೊತ್ತಿಗೆ,
ಬಂದ ಬಕ್ಕೇಶಪ್ಪ. ಮಿಕ್ಸಿ ರಿಪೇರಿ, ಗಡಿಯಾರ ಕಂಬದ ಹಿಂದಿನ ಓಣಿ.
ಉಗುರಲ್ಲಿ ಗ್ರೀಸು, ಕಿವಿಯ ಮೇಲೆ ಟೆಸ್ಟರು.
"ಮೇಡಂ, ಹಿಂದುಗಡೆ ಒಂದು ಚಟ್ನಿಪುಡಿ ಹಾಕ್ರಿ."
"ಏನು?"
"ಗುರೆಳ್ಳು ಚಟ್ನಿಪುಡಿ.
ಬರೀ ಹೆಸರಿದ್ದ ಕಾರ್ಡು ಅಂಗಿ ಜೇಬಿನಾಗೆ ತೊಳಕೊಂಡು ಹೋಗ್ತತಿ.
ಅಡಿಗಿ ಇದ್ದ ಕಾರ್ಡು ಒಲಿ ಹತ್ರ ಕೂಡ್ತತಿ.
ಮಿಕ್ಸಿ ಕೆಡೋದೆಲ್ಲಿ? ಅಲ್ಲೇ."

ಹಳೇ ಬಿಲ್ಲಿನ ಬೆನ್ನಿಗೆ ಪೆನ್ಸಿಲ್ ಅಕ್ಷರ.
ಅಳತೆ ಕೇಳಿದರೆ ಹೆಂಡತಿಗೇ ಫೋನು ಹಚ್ಚಿದ.
ಆ ಕಡೆಯಿಂದ ಹಾಲಮ್ಮ:
"ಅಳತಿ ಏನು ಬಂತವ್ವ, ಚಟಪಟ ಅನ್ನೋತನಕ ಹುರಿ.
ಮೆಣಸಿನಕಾಯಿ ಎಂಟು. ಅಳಿಯ ಬಂದಿದ್ರೆ ಆರು."

ಆರು ಪಾಯಿಂಟಿಗೆ ಇಳಿಸಿದೆ ಅಕ್ಷರ.
ಅಳಿಯನನ್ನು ತೆಗೆದೆ.
ಚಟಪಟ ಮಾತ್ರ ಬಿಡಲು ಮನಸ್ಸಾಗಲಿಲ್ಲ.

ಗುರೆಳ್ಳು ಬಟ್ಟಲು, ಚಟಪಟ ಹುರಿ.
ಬ್ಯಾಡಗಿ ಎಂಟು, ಬೆಳ್ಳುಳ್ಳಿ ಆರೆಸಳು.
ಕರಿಬೇವು ಹಿಡಿ, ಹುಣಸೆ ಉಗುರಿನಷ್ಟು.
ಆರಿದ ಮೇಲೆ ನಿಲ್ಲಿಸಿ ನಿಲ್ಲಿಸಿ ತಿರುವು;
ಒಂದೇ ಸಮ ಓಡಿಸಿದರೆ ಪುಡಿ ಎಣ್ಣೆ ಬಿಡುತ್ತದೆ,
ಮೋಟಾರು ಹೊಗೆ.

"ಇದನ್ನ ಓದಿದ್ರೆ ಮಿಕ್ಸೀನೇ ಕೆಡೋದಿಲ್ವಲ್ರೀ" ಅಂದೆ.
ಬಕ್ಕೇಶಪ್ಪ ನಕ್ಕ: "ಓದ್ತಾರೆ. ಪಾಲಸೋರು ಯಾರು?"

ಐನೂರು ಕಾರ್ಡು ಕತ್ತರಿಸಿ, ರಬ್ಬರ್ ಹಾಕಿ ಕೊಟ್ಟೆ.
ನಾಲ್ಕನೇ ದಿನ ಬಾಗಿಲಲ್ಲಿ ಅವನೇ:
"ಮೇಡಂ, ಉಪ್ಪೆಲ್ಲಿ?"

ಹಾಳೆ ಹುಡುಕಿ ಬೆಳಕಿಗೆ ಹಿಡಿದೆ.
ಇತ್ತು ಉಪ್ಪು. ಮಡಿಕೆಯ ಗೆರೆಯ ಮೇಲೆ, ಮಾಸಿ, ಇದ್ದೂ ಇಲ್ಲದ ಹಾಗೆ.
ಸಾಹೇಬ್ರು ಹಣೆ ಒತ್ತಿಕೊಂಡರು:
"ಪುಕ್ಕಟೆ ಹೊಡೆದುಕೊಡ್ತೀವಿ, ನಾಳೆಗೇ."
"ಮುಟ್ಟಬ್ಯಾಡ್ರಿ" ಅಂದ.

ವಿದ್ಯಾನಗರದಿಂದ, ನಿಟ್ಟುವಳ್ಳಿಯಿಂದ, ಹರಿಹರದ ಯಾರೋ ಒಬ್ಬಾಕೆ,
ಎಲ್ಲರದೂ ಒಂದೇ ಪ್ರಶ್ನೆಯಂತೆ: ಹಾಕೋದೋ, ಬಿಡೋದೋ?
ಫೋನು ಹಾಲಮ್ಮನ ಮಡಿಲಲ್ಲಿ.
"ಕಲ್ಲುಪ್ಪಾ, ಪುಡಿಯುಪ್ಪಾ? ಎಷ್ಟು ಜನ ನೀವು?
ಬಿಪಿ ಗಿಪಿ ಐತೇನು ಯಾರಿಗರ?"
ಉಪ್ಪಿನಿಂದ ಸೊಸೆಗೆ, ಸೊಸೆಯಿಂದ ಮೊಣಕಾಲಿಗೆ,
ಇಪ್ಪತ್ತು ನಿಮಿಷ ದಾಟಿ, ಇನ್ನೇನು ಇಡಬೇಕು ಅನ್ನುವಾಗ
"ಅಂದಂಗ, ನಮ್ಮ ಜಾರು ಬುಡದಾಗೆ ಸೋರ್ತತಿ..."

ಆಮೇಲೆ ಸಾಲು.
ಬೋರ್‌ವೆಲ್‌ನವರಿಗೆ ಹೆಸರುಕಾಳಿನ ಸಾರು.
ಟೇಲರ್ ಶಕೀಲಾಬಾನುಗೆ ಶೀರ್ ಖುರ್ಮಾ,
ಹಲ್ಲಿನ ಡಾಕ್ಟರಿಗೆ ಶೇಂಗಾ ಚಿಕ್ಕಿ, ಬೇಕಂತಲೇ.
ವಕೀಲರೊಬ್ಬರು ಸಾಮಾನಿನ ಪಟ್ಟಿ ಸಾಕು, ಮಾಡುವ ವಿಧಾನ ಬೇಡವೆಂದರು;
ಅದಕ್ಕೆ ಫೀಸು.
ಹೋಗುವಾಗ ಎಲ್ಲರೂ ಮೆಲ್ಲಗೆ: "ಏನಾದ್ರೂ ಒಂದು ಬಿಟ್ಟುಬಿಡಿ."
ಬಿಟ್ಟೆ. ಏಲಕ್ಕಿ, ಇಂಗು, ಬೆಲ್ಲ.
ಬೇಕೆಂದು ಬಿಟ್ಟದ್ದನ್ನು ಕೇಳಿ
ಒಂದು ಪಿಳ್ಳೆಯೂ ಫೋನು ಮಾಡಲಿಲ್ಲ.

ನಿನ್ನೆ ರಾತ್ರಿ, ಮನೆಗೊಯ್ದಿದ್ದ ಒಂದು ಕಾರ್ಡನ್ನು
ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹುರಿದೆ.
ಚಟಪಟ.
ಆರಿಸಿದೆ, ನಿಲ್ಲಿಸಿ ನಿಲ್ಲಿಸಿ ತಿರುವಿದೆ.
ಉಪ್ಪಿನ ಭರಣಿ ತೆರೆದ ಕೈ ಅಲ್ಲೇ ನಿಂತಿತು.
ಕಳೆದವಳು ನಾನೇ. ಎಷ್ಟಿತ್ತೆಂದು ನನಗೂ ಗೊತ್ತಿಲ್ಲ.

ಕಾರ್ಡು ತಿರುಗಿಸಿ, ನಾನೇ ಜೋಡಿಸಿದ ಹತ್ತು ಅಂಕಿ ಒತ್ತಿದೆ.
ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ,
ಅಂದಳು ಯಂತ್ರದ ಹುಡುಗಿ.
ಚಮಚ ಹಿಡಿದೇ ಕೂತೆ.