ಮೂರು ಗಂಟಿ

ಮಾಳಿಗಿ ಮ್ಯಾಲ ಉದ್ದಕ ಹದಿನಾಲ್ಕು ಹೆಜ್ಜಿ, ಅಡ್ಡಕ ಒಂಬತ್ತು.
ನೀರಿನ ಟಾಕಿ ಸುತ್ತು ಹಾಕಿದ್ರ ಇನ್ನೊಂದು ನಾಕು ಸಿಗತಾವ.
ಡಾಕ್ಟರು ಫೋನಿನ್ಯಾಗ ಹೇಳ್ಯಾರ: ದಿನಾ ಅರ್ಧ ತಾಸು ನಡಿ ಹುಸೇನಪ್ಪ,
ಬಿಪಿಗೂ ಒಳ್ಳೇದು, ಟೆನ್ಶನ್ನಿಗೂ ಒಳ್ಳೇದು.
ಟೆನ್ಶನ್ ಅಂದ್ರ ಏನ್ರಿ, ಕೇಳಿದೆ.
ರಾತ್ರಿ ನಿದ್ದಿ ಬರದಂಗ ಆಗೋದು, ಅಂದರು.
ಹಂಗಾರ ಅದು ನೈಟ್ ಶಿಫ್ಟ್, ಸಾಹೇಬ್ರ,
ಮೂವತ್ತೊಂದು ವರ್ಷ ಮಾಡೀನಿ.

ಹುಲಿಗೆಮ್ಮ ಬಾಗಲದಾಗ ಕುಂತು ಬೆಳ್ಳುಳ್ಳಿ ಬಿಡಿಸಿಕೋಂತ
"ಗಾಣದೆತ್ತು ತಿರುಗಿದ್ರ ಎಣ್ಣಿಯರ ಬರತೈತಿ" ಅಂತಾಳ.
ಆಕಿ ಮೊಣಕಾಲಿಗೆ ಹನ್ನೆರಡು ಮೆಟ್ಟಲ ಹನ್ನೆರಡು ಜಗಳ.
ಆದ್ರೂ ಏರಿ ಬರತಾಳ. ಅರಬಿ ಒಣಗಿಸೋ ತಂತಿ ಹಿಡಕೊಂಡು
ನಾಕು ಹೆಜ್ಜಿ ಹೋಗಿ, ನಾಕು ಹೆಜ್ಜಿ ಬಂದು
"ನಂದೂ ಆತು" ಅಂತ ಕುಂಡರತಾಳ.

ಎರಡು ಸಾವಿರ ಅಡಿ ಕೆಳಗ, ಕಲ್ಲಿನ ಹೊಟ್ಟ್ಯಾಗ,
ದೀಪ ಆರಿದ ದಿನಾನೂ ನಾನು ಉಸಿರು ಎಣಿಸಿದವ ಅಲ್ಲ.
ಈಗ ನೋಡು, ತಲಿ ಮ್ಯಾಲ ಇಷ್ಟು ದೊಡ್ಡ ಆಕಾಶ,
ಅಡ್ಡ ಬರಾಕ ಒಂದು ಮೋಡ ಇಲ್ಲ,
ಮೂಗಿಗೆ ಅರಬಿ ಕಟ್ಟಿಕೊಂಡು
ಸಾಲ ತಗೊಂಡಂಗ ಗಾಳಿ ತಗೊಂತೀನಿ.
ಮಗಳು ಮಸ್ಕಿಯಿಂದ ಕಳಿಸಿದ ಮಿಷಿನ್ನು ಬೆರಳು ಕಚ್ಚಿ
ತೊಂಬತ್ನಾಕು ಅಂತೈತಿ, ಮತ್ತ ಕಚ್ಚಿಸಿದ್ರ ತೊಂಬತ್ತಾರು.
ಹಟ್ಟಿ ಧೂಳು ತಿಂದ ಎದಿ ಇದು.
ಯಾವುದು ಹಳೇ ಬಾಕಿ, ಯಾವುದು ಹೊಸಾದು, ಅದಕ್ಕೇನು ಗೊತ್ತು?

ಮೊದಲು ನಾಕು ಮಂದಿ ಇದ್ವಿ.
ಬೆಳಿಗ್ಗಿ ಐದಕ್ಕ ಗುರುಗುಂಟಾ ರಸ್ತಾ, ವಾಪಸ್ ಬರೋದ್ರಾಗ ಚಾ,
ಚಾದ ರೊಕ್ಕಕ್ಕ ಜಗಳ. ನಡದದ್ದಕ್ಕಿಂತ ನಿಂತು ಮಾತಾಡಿದ್ದ ಹೆಚ್ಚು.
ಪೊಲೀಸರ ಸೀಟಿ ಊದಿದ ಮ್ಯಾಲ
ಯಂಕೋಬ ಅವನ ಮಾಳಿಗಿ, ಜೇಕಬ್ ಅವನ ಮಾಳಿಗಿ,
ಆಚೀ ಓಣ್ಯಾಗ ಖಾಸಿಂಸಾಬ.
ವೈಂಡಿಂಗ್ ಇಂಜಿನ್ ನಡಿಸಿದ ಕೈ ಅವಂದು, ಸುಮ್ಮನಿರತೈತೇನು?
ಹೊತ್ತು ಮುಣಗೋ ಮುಂದ ನೀರಿನ ಪೈಪಿಗೆ ಪಾನಾ ತಗೊಂಡು ಬಡದ:
ಠಣ್, ಠಣ್, ಠಣ್.

ಗಣಿಗೆ ಇಳಿದವರಿಗೆ ಅರ್ಥ ಹೇಳಬೇಕಾಗಿಲ್ಲ.
ಎರಡು ಗಂಟಿ: ಇಳಿಸು.
ಮೂರು ಗಂಟಿ: ಕೇಜಿನ್ಯಾಗ ಅದಿರಲ್ಲ, ಮನುಷ್ಯಾರದಾರ. ಮೆಲ್ಲಕ.
ನಾನು ಟಾಕಿಗೆ ಮೂರು ಬಡದೆ. ಯಂಕೋಬ ತಗಡಿಗೆ.
ಜೇಕಬ್ ಹರಾಮಖೋರ, ಹೆಂಡತಿ ಗಂಗಾಳಕ್ಕ.
ಅವತ್ತಿನಿಂದ ದಿನಾ ಹಾಜರಿ.

ಆಮ್ಯಾಲ ಒಂಬತ್ತು ಸಂಜಿ ಖಾಸಿಂಸಾಬನ ಪೈಪು ಸಪ್ಪಳಿಲ್ಲ.
ಫೋನ್ ಹಚ್ಚಿದ್ರ ಮೊದಲು ಲಸಿಕಿ ಬಗ್ಗೆ ಹೆಣಮಗಳು ಹೇಳತಾಳ,
ಆಮ್ಯಾಲ ರಿಂಗು, ಆಮ್ಯಾಲ ಏನೂ ಇಲ್ಲ.
ರಾಯಚೂರಿಗೆ ಒಯ್ದಾರ ಅಂತ ಒಬ್ಬರು,
ಮನ್ಯಾಗ ಅದಾನ ಅಂತ ಒಬ್ಬರು.
ಶಿಫ್ಟ್ ಮುಗದ ಮ್ಯಾಲ ಬೋರ್ಡಿನ್ಯಾಗ ಉಳಿದ
ಒಂದು ಹಿತ್ತಾಳಿ ಬಿಲ್ಲಿ ಕಣ್ಣ ಮುಂದ ತೂಗತಿತ್ತು.
ಅರ್ಧ ತಾಸು ಹೋಗಿ ಎರಡು ತಾಸಾತು ನನ್ನ ನಡಿಗಿ.
ಹಿಮ್ಮಡ ಒಡದ್ವು. ಡಾಕ್ಟರಿಗೆ ಹೇಳಲಿಲ್ಲ:
ನಡದಷ್ಟೂ ಟೆನ್ಶನ್ ಹಿಂದ ಹಿಂದ ನಡದು ಬರತೈತಿ, ಅಂತ.

ಹತ್ತನೇ ಸಂಜಿ, ಠಣ್.
ಕಿವಿ ಕೊಟ್ಟೆ. ಒಂದೇ.
ನಿಂತ ಕೇಜಿಗೆ ಒಂದು ಗಂಟಿ ಅಂದ್ರ ಎತ್ತು.
ನಡಿಯೋ ಕೇಜಿಗೆ ಒಂದು ಗಂಟಿ ಅಂದ್ರ ನಿಲ್ಲು.
ಅಂವ ನಿಂತಾನೋ, ನಡದಾನೋ?
ಹನ್ನೊಂದನೇ ಹೆಜ್ಜಿ ಕೆಳಗಿಡದ ಹಂಗ ನಿಂತೆ.

"ಕೈ ಸೋತಿರಬೇಕು," ಹುಲಿಗೆಮ್ಮ ಅಂದಳು,
"ಉಳಿದ ಎರಡು ನೀ ಹೊಡಿ."
ಎರಡ ಹೊಡದ್ರ ಇಳಿಸು ಅಂತ ಆಗತೈತಿ, ಹುಚ್ಚಿ.
"ಅವನ ಒಂದು ಕೂಡಿಸಿಕೋ," ಅಂದಳು,
ಬೆಳ್ಳುಳ್ಳಿ ಜಜ್ಜೋ ಗುಂಡ ನನ್ನ ಕೈಯಾಗಿಟ್ಟು.