ಅಲೈನ್‌ಮೆಂಟ್ ಹಾಳಿ

ಅಗ್ಗದ್ದು ಒಯ್ದರ ಮಸಿ ತುಟ್ಟಿ,
ತುಟ್ಟೀದು ಒಯ್ದರ ಮಸಿ ಅಗ್ಗ.
ಅಂಗಡಿ ಹುಡುಗ ಇಷ್ಟನ್ನ ಮೂರು ಸಲ ಹೇಳಿದ.
ನಾನು ಪರ್ಸಿನಾಗಿನ ಚೀಟಿ ತಗದು ಲೆಕ್ಕ ಹಾಕಿದೆ:
ಆರಿ ವರ್ಕಿನ ಬ್ಲೌಸೊಂದಕ್ಕ ನಾಕು ಹಾಳಿ,
ಎರಡು ತೋಳು, ಬೆನ್ನು, ಕೊರಳು.
ಲಗ್ನದ ಸೀಜನ್ನಿನಾಗ ದಿನಕ್ಕ ಮೂರು ಬ್ಲೌಸು.
ಝೆರಾಕ್ಸಿನವ ಹಾಳಿಗೆ ಹತ್ತು ರೂಪಾಯಿ ತಗೋತಾನ,
ಮ್ಯಾಲ, ಈ ನವಿಲು ಯಾರ ಬ್ಲೌಸಿಂದರೀ ಅಂತ ಕೇಳ್ತಾನ.

ಟ್ಯಾಂಕಿಂದ ಕೊಡಪಾ, ಅಂದೆ.

ಹುಬ್ಬಳ್ಳಿಯಿಂದ ಗದಗಿನ ಬಸ್ಸಿನಾಗ
ನನಗ ಸೊನ್ನಿ ಟಿಕೇಟು, ಖೋಕಿಗೆ ಅರ್ಧ.
ಅಣ್ಣಿಗೇರಿ ತನಕಾ ವಾದ ಮಾಡಿ
ಆಮ್ಯಾಲ ಕೊಟ್ಟೆ.

ಮನ್ಯಾಗ ಮಾವಾರು ದೂರ ನಿಂತು ನೋಡಿದ್ರು.
ಮೂವತ್ತೊಂದು ವರ್ಷ ಬೆಟಗೇರಿ ಪ್ರೆಸ್ಸಿನಾಗ
ಮೊಳೆ ಜೋಡಿಸಿದ ಕೈ, ಹಿಂದ ಕಟ್ಟಿಕೊಂಡಿದ್ರು.
ಪ್ರೆಸ್ಸು ಮುಚ್ಚಿದಾಗ ಬಾಕಿ ಪಗಾರದ ಬದಲಿ
ಒಂದು ಕಟಿಗಿ ಕೇಸು ಬಂದಿತ್ತು, ಖಾನೆ ಖಾನೆಯದು.
ಅದರಾಗ ಈಗ ನನ್ನ ಮಣಿ:
ಕಕಾರ ಇದ್ದಲ್ಲೆ ಜರ್ದೋಸಿ,
ಳಕಾರದ ಒತ್ತು ಇದ್ದಲ್ಲೆ ಕೆಂಪು ಟಿಕಳಿ.

ವಯರು ಎಲ್ಲೈತಿ?
ಕರೆಂಟಿಂದಷ್ಟರೀ. ಮತ್ತ ಇಲ್ಲ.
ಹಂಗಾರ ಅಕ್ಷರ ಎತ್ತಿಂದ ಬರ್ತಾವ?
ನಾನು ಕೈಲೆ ಗಾಳಿ ತೋರ್ಸಿದೆ.
ಅವರು ಫ್ಯಾನು ನೋಡಿದ್ರು.

ನಾಕು ಬಾಟ್ಲಿ, ಒಂದರ ಬಾಯಿ ಇನ್ನೊಂದರ ತೂತಿಗೆ ಕೂಡಂಗಿಲ್ಲ.
ಕರೀದರ ಬಿರಡಿ ತಗದು ಮೂಸಿದ್ರು.
ವಾಸನೀನ ಇಲ್ಲವಾ ಇದಕ್ಕ, ಅಂದ್ರು,
ಸಪ್ಪನ ಸಾರಿಗೆ ಅಂದಂಗ.

ನೀಲಿ ದೀಪ ಮಿಣುಕ್, ಮಿಣುಕ್.
ಫೋನಿನಾಗ: ಪ್ರಿಂಟರ್ ಸಿಗಲಿಲ್ಲ.
ತೆಗದು ಹಚ್ಚಿದೆ. ಪ್ರಿಂಟರ್ ಸಿಗಲಿಲ್ಲ.
ಕೇಬಲ್ಲಿನ ಇಮ್ತಿಯಾಜ ಫೋನಿನಾಗ ನಕ್ಕ:
ಅಕ್ಕಾ, ನಿಮ್ಮ ಮೊಬೈಲು ಐದರ ಮ್ಯಾಲೈತಿ,
ಪ್ರಿಂಟರು ಎರಡೂ ಚಿಲ್ಲರದ ಮ್ಯಾಲೈತಿ.
ಒಂದ ಮನ್ಯಾಗ ಇದ್ರೂ ಒಂದಕ್ಕೊಂದು ಕಾಣಂಗಿಲ್ಲ.
ನಾನು ಟಿವಿ ಮುಂದ ಕುಂತಿದ್ದ ಗಂಡನ ಕಡೆ ನೋಡಿದೆ.
ಏನೂ ಅನ್ನಲಿಲ್ಲ.

ಪಾಸ್‌ವರ್ಡು ಕ್ಯಾಲೆಂಡರಿನ ಹಿಂದ ಬರದದ್ದು.
ಎರಡು ಸಲ ತಪ್ಪು ಅಂತು.
ಮಾವಾರು ಬಂದು ಹೆಗಲ ಮ್ಯಾಲಿಂದ ಬಗ್ಗಿ
ಅದು ಓ ಅಲ್ಲ, ಸೊನ್ನಿ, ಅಂದ್ರು.
ಓ ಇಷ್ಟು ತೆಳ್ಳಗಿರಂಗಿಲ್ಲ.
ಇಂಗ್ಲೀಷು ಓದಲಾರದವರು.
ದೀಪ ನಿಂತು ಉರೀತು.

ಒಳಗ ಏನೋ ಗರಗರ ತಿರುಗಿ
ಒಂದು ಹಾಳಿ ಹೊರಗ ಬಂತು: ಗೆರಿ, ಚೌಕ, ಚುಕ್ಕಿ,
ಓದಾಕ ಏನೂ ಇಲ್ಲ.
ಈಗ ಇದನ್ನ ಕಾಜಿನ ಮ್ಯಾಲ ಬೋರಲ ಇಡು, ಅಂತು ಫೋನು.
ಪ್ರೂಫ? ಅಂದ್ರು ಮಾವಾರು. ಧ್ವನಿ ಬ್ಯಾರೆ ಆಗಿತ್ತು.
ತಂದು ತಾನ ತಿದ್ದತೈತಿ?
ತಿದ್ದತೈತಿ.
ಮುಚ್ಚಳದ ಸಂದಿಯಿಂದ ಬೆಳಕು ಈ ಕಡಿಂದ ಆ ಕಡೆ ಹೋತು.
ಅವರು ಕೈ ಬಿಚ್ಚಿ, ಸೆಟದು ನಿಂತಿದ್ದರು,
ಮಾಲಕರ ಟೇಬಲ್ಲಿನ ಮುಂದ ನಿಂತಂಗ.
ಒಮ್ಮೆ ಒಂದು ಒತ್ತು ಉದುರಿ
ಐನೂರು ಲಗ್ನಪತ್ರಿಕಿ ಕೆಟ್ಟು, ಹನ್ನೆರಡು ದಿನದ ಪಗಾರ ಹೋಗಿತ್ತು.
ಅತ್ತಿ ಹೇಳಿದ್ದು. ಅವರು ಎಂದೂ ಹೇಳಿಲ್ಲ.

ಏನಂತೈತಿ?
ಸರಿ ಆತಂತ.
ಬೈದರೇನು ಯಾರರ?
ಇಲ್ರೀ.
ಹಾಳಿ ಎತ್ತಿಕೊಂಡು ಉಲ್ಟಾ ಹಿಡದು ಬಾಳೊತ್ತು ನೋಡಿದ್ರು.

ರಾತ್ರಿ ಮೊದಲನೇ ಕೆಲಸ, ನವಿಲು, ಎರಡು ತೋಳಿಗೆ.
ಎರಡೂ ಒಂದ ಕಡೆ ನೋಡ್ತಾವಲ್ಲ, ಅಂದ್ರು, ಚಹಾ ಕುಡೀತ.
ಹೌದಲ್ಲ. ಒಂದನ್ನ ಮಿರರ್ ಮಾಡಿ ಮತ್ತ ತಗದೆ.
ಜೋಡಿಸಿಟ್ಟೆ. ಕೊಕ್ಕಿಗೆ ಕೊಕ್ಕು.
ಅರ್ಧ ನೂಲು ಕೆಳಗೈತಿ ಎಡಗಡೀದು, ಅಂದ್ರು.
ಇರಾಕ ಸಾಧ್ಯನ ಇಲ್ಲರೀ, ಮಷೀನು ಈಗರ ತಿದ್ದಿಕೊಂಡೈತಿ.
ಅವರು ಬಸಿಯಾಗಿಂದು ಸುರ್ರಂತ ಎಳಕೊಂಡ್ರು.

ಟೇಪು ಹಿಡದು ನೋಡಿದೆ.
ಇತ್ತು.